ಟವೆಲಿನಡಿಯ ಐದು ಸೆಂಟರ್‌ಗಳು

ದಲ್ಲಾಳಿ ಅಣ್ಣನ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಅವರನ್ನು ಕುಳ್ಳಗೆ ಮಾಡಿಬಿಟ್ಟಿದ್ದರು. ಅರಸೀಕೆರೆಯ ಬಸ್ ನಿಲ್ದಾಣದ ಎದುರು, ಲೈಟ್ ಕಂಬಕ್ಕೂ ಬೇವಿನ ಮರಕ್ಕೂ ನಡುವೆ ಕಟ್ಟಿದ್ದ ಫ್ಲೆಕ್ಸು ಅದು. ಉದ್ದ ಕಡಿಮೆ, ಅಗಲ ಜಾಸ್ತಿ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸುತ್ತಿದ್ದ ಮನುಷ್ಯನನ್ನು ಅದರೊಳಗೆ ಕೂರಿಸಲು ಪ್ರಿಂಟಿಂಗಿನವನು ಫೋಟೋವನ್ನು ಮೇಲಿಂದ ಒತ್ತಿ ಪಕ್ಕಕ್ಕೆ ಎಳೆದಿದ್ದ. ಮುಖ ದುಂಡಗಾಗಿ, ಭುಜ ಗೂಡ್ಸ್ ಗಾಡಿಯ ಡಬ್ಬಿಯಷ್ಟು ಅಗಲವಾಗಿ, ಯಾರೋ ಸಂತೃಪ್ತ ಸಿಹಿತಿಂಡಿ ವ್ಯಾಪಾರಿಯ ಹಾಗೆ ಕಾಣುತ್ತಿದ್ದರು. ನಾನು ಗುರುತು ಹಿಡಿದದ್ದು ಹೆಗಲ ಮೇಲಿನ ಟವೆಲಿನಿಂದ. ಆಮೇಲೆ ಹಗ್ಗ ನೋಡಿದೆ. ಒಂದು ಕಡೆ ಗಂಟು ಸಡಿಲವಾಗಿತ್ತು. ಗಾಳಿ ಬಂದರೆ ಇದು ಯಾರ ತಲೆಯ ಮೇಲೆ ಬೀಳಬಹುದು ಎಂದು ಯೋಚಿಸುತ್ತ ನಿಂತಿದ್ದರಿಂದ ದುಃಖಪಡುವುದು ಸ್ವಲ್ಪ ತಡವಾಯಿತು.

ನನ್ನ ಸ್ವಭಾವವೇ ಹಾಗೆ. ಕೊಬ್ಬರಿ ಯಾರ್ಡಿನ ಗೇಟಿನ ಎದುರು ನನ್ನದೊಂದು ಮೆಡಿಕಲ್ ಸ್ಟೋರಿದೆ. ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುವ ಸಣ್ಣಕ್ಷರದ ಚೀಟಿಗಳನ್ನು ಓದುವುದು ನನ್ನ ಚಟ. ಅವುಗಳಲ್ಲಿ ಬರೆದಿರುವ ಅಡ್ಡ ಪರಿಣಾಮಗಳೆಲ್ಲ, ಮಾತ್ರೆ ನುಂಗದೆಯೇ, ನನಗೆ ಒಂದೊಂದಾಗಿ ಬಂದು ಹೋಗಿವೆ. ಯಾರ್ಡಿನಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ‘ಮೆಡಿಕಲ್ಲು’. ಆ ಹೆಸರಿಟ್ಟವರೂ ಅವರೇ.

ಅವರು ಕೊಬ್ಬರಿ ದಲ್ಲಾಳಿ. ಯಾರ್ಡಿನ ಒಳಗೆ ಈಗ ಕಂಪ್ಯೂಟರಿನಲ್ಲೇ ಟೆಂಡರು. ಆದರೆ ಯಾರ್ಡಿಗೆ ಬಾರದ ಮಾಲು, ಬೆಳೆಗಾರರ ಮನೆಯ ಅಟ್ಟದ ಮೇಲೇ ಮಾರಾಟವಾಗುವ ಮಾಲು, ಹಳೆಯ ನಂಟಿನ ವರ್ತಕರ ಮಾಲು, ಇವೆಲ್ಲ ಇನ್ನೂ ಟವೆಲಿನ ಕೆಳಗೇ ನಡೆಯುತ್ತವೆ. ದಲ್ಲಾಳಿ ತನ್ನ ಬಲಗೈ ಮುಂದೆ ಚಾಚಿ ಅದರ ಮೇಲೆ ಟವೆಲ್ ಹೊದಿಸುತ್ತಾನೆ. ಕೊಳ್ಳುವವನು ಕೆಳಗೆ ಕೈ ತೂರಿಸಿ ದಲ್ಲಾಳಿಯ ಬೆರಳು ಹಿಡಿದು ತನ್ನ ರೇಟು ಹೇಳುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಸೇರಿಸಿ ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ದಲ್ಲಾಳಿ ‘ಬಂತು’ ಅನ್ನುತ್ತಾನೆ. ಅಂದರೆ ನಿನ್ನ ರೇಟು ನನಗೆ ಮುಟ್ಟಿತು ಎಂದು. ಆಮೇಲೆ ಮುಂದಿನವನ ಕೈ. ಒಬ್ಬನ ರೇಟನ್ನು ಇನ್ನೊಬ್ಬನಿಗೆ ಹೇಳಿದ ದಲ್ಲಾಳಿಯ ಟವೆಲಿನ ಕೆಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ. ಅವರ ಟವೆಲಿನ ಕೆಳಗೆ ಎರಡು ತಲೆಮಾರಿನ ವರ್ತಕರು ಕೈ ಇಟ್ಟಿದ್ದರು.

ಅಂಥವರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಹುಡುಗರಾಗಿದ್ದಾಗ ರೈಲ್ವೆ ಮೈದಾನದಲ್ಲಿ ಆಡುತ್ತಿದ್ದರಂತೆ. ಆಟ ಗೊತ್ತಿತ್ತೆಂದು ಯಾರೂ ಕರೆಯಲಿಲ್ಲ. ಎತ್ತರ ಇದ್ದೀಯ, ಹೋಗಿ ಬುಟ್ಟಿ ಕೆಳಗೆ ನಿಂತ್ಕೊ ಅಂದರಂತೆ, ನಿಂತರು. ಹಾಗೆ ಸೆಂಟರ್ ಆದರು. ಆ ಜಾಗದ ಬಗ್ಗೆ ಅವರದೊಂದು ವ್ಯಾಖ್ಯಾನವಿತ್ತು: “ಸೆಂಟರ್ ಅಂದ್ರೆ ದಲ್ಲಾಳಿ ಕಣಪ್ಪ. ಬೆನ್ನು ಬುಟ್ಟಿ ಕಡೆ, ಮುಖ ಜನದ ಕಡೆ. ಎಲ್ರೂ ಬಂದು ಗುದ್ದೋದು ಅವನಿಗೇ. ಚೆಂಡು ಅವನ ಕೈಗೆ ಬಂದು ಇನ್ನೊಬ್ಬನ ಕೈಗೆ ಹೋಗ್ಬೇಕು. ಬುಟ್ಟಿಗೆ ಹಾಕ್ದೋನ ಹೆಸರು ಪೇಪರಲ್ಲಿ ಬತ್ತದೆ.”

ಅಮೆರಿಕದ ವೃತ್ತಿಪರ ಪಂದ್ಯಗಳು ಅಲ್ಲಿ ರಾತ್ರಿ ನಡೆದರೆ ಇಲ್ಲಿ ಬೆಳಗಿನ ಇಡ್ಲಿ ಹೊತ್ತು. ಶೇಖರನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಟಿವಿ ಇತ್ತು. ನೋಡುವವರು ನಾಲ್ಕೇ ಜನ. ಅವರು, ನಾನು, ಮಧ್ಯೆ ಮಧ್ಯೆ ಎದ್ದು ಸಾಂಬಾರಿನ ಕಡೆ ಹೋಗಿಬರುವ ಶೇಖರ, ಮತ್ತು ಬಾಣಾವರದಿಂದ ಬೆಳಗಿನ ಗಾಡಿಗೆ ಬರುತ್ತಿದ್ದ ಪುಟ್ಟಸ್ವಾಮಿ. ಪುಟ್ಟಸ್ವಾಮಿ ರೈಲ್ವೆಯ ನಿವೃತ್ತ ಗಾರ್ಡು. ಜೀವಮಾನವಿಡೀ ಹಸಿರು ಬಾವುಟ ತೋರಿಸಿದ್ದರಿಂದ ಯಾವ ವಿಷಯಕ್ಕೂ ಬೇಗ ಒಪ್ಪಿಗೆ ಕೊಡುತ್ತಾರೆಂದು ಮೊದಮೊದಲು ನಾನು ತಿಳಿದಿದ್ದೆ. ಸಂಪೂರ್ಣ ತಪ್ಪು.

ನಮ್ಮ ಚರ್ಚೆಯೆಲ್ಲ ಸೆಂಟರ್‌ಗಳ ಬಗ್ಗೆಯೇ. ಓಡುವವರು, ದೂರದಿಂದ ಎಸೆಯುವವರು ನಮಗೆ ಲೆಕ್ಕಕ್ಕಿಲ್ಲ. ಹತ್ತು ವರ್ಷ ನೋಡಿ ಐದು ಜನರನ್ನು ಉಳಿಸಿಕೊಂಡಿದ್ದೆವು. ಆ ಆಟಗಾರರ ಹೆಸರುಗಳು ನಮ್ಮ ನಾಲಿಗೆಗೆ ಹೊರಳದ್ದರಿಂದ ನಾವೇ ಹೆಸರಿಟ್ಟುಕೊಂಡಿದ್ದೆವು. ಒಂದನೆಯವನು ಗಡ್ಡ, ಭುಜದಿಂದಲೇ ದಾರಿ ಮಾಡಿಕೊಳ್ಳುವವನು. ಎರಡನೆಯವನು ಸೋಮಾರಿ, ಊಟವಾಗಿ ಈಗ ಎದ್ದು ಬಂದವನಂತೆ ಆಡುತ್ತಾನೆ, ಆದರೆ ಆಟ ಮುಗಿಯುವಾಗ ಎಲ್ಲ ಅವನೇ ಮಾಡಿರುತ್ತಾನೆ. ಮೂರನೆಯವನು ಗೋಪುರ. ನಾಲ್ಕನೆಯವನು ನಗುಮುಖ, ಅವನಿಗೆ ಎಷ್ಟು ಗುದ್ದಿದರೂ ನಗುತ್ತಾನೆ, ಪುಟ್ಟಸ್ವಾಮಿಗೆ ಅದೇ ಆಗದು. ಐದನೆಯವನು ಮಂಡಿ ಪಟ್ಟಿ, ವರ್ಷದಲ್ಲಿ ಅರ್ಧ ಬೆಂಚಿನ ಮೇಲೆ, ಇನ್ನರ್ಧ ದೇವರಂತೆ. ನಾನು ಯಾವಾಗಲೂ ಪೆಟ್ಟಾಗುವ ಸಂಭವ ಅತ್ಯಂತ ಕಡಿಮೆ ಇರುವವನಿಗೇ ಓಟು ಹಾಕುತ್ತಿದ್ದೆ. ಇದು ಕ್ರೀಡೆಯ ವಿಮರ್ಶೆಯಲ್ಲ, ವಿಮೆಯ ಲೆಕ್ಕಾಚಾರ ಎಂದು ಶೇಖರ ಹಂಗಿಸುತ್ತಿದ್ದ.

ಅವರು ಆಟಗಾರರನ್ನು ತೂಗುತ್ತಿದ್ದದ್ದು ಕೊಬ್ಬರಿಯ ಭಾಷೆಯಲ್ಲಿ. ಗಿಟುಕನ್ನು, ಅಂದರೆ ಒಣಗಿಸಿದ ಇಡೀ ಕಾಯಿಯನ್ನು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನಬೇಕು, ಆಗ ಒಣಗಿದೆ ಎಂದರ್ಥ. ಹೊಸದಾಗಿ ಬಂದ ಹುರುಪಿನ ಸೆಂಟರ್ ಒಬ್ಬನನ್ನು ಟಿವಿಯವರು ಹೊಗಳುತ್ತಿದ್ದರೆ, ಇಡ್ಲಿ ಮುರಿಯುತ್ತ, “ಇನ್ನೂ ಹಸಿ ಐತೆ. ಅಟ್ಟದ ಮೇಲೆ ಇನ್ನೊಂದ್ ವರ್ಷ ಇರ್ಲಿ” ಅನ್ನುತ್ತಿದ್ದರು. ವಯಸ್ಸಾಗಿಯೂ ತಂಡ ಬಿಡದವನನ್ನು ಕಂಡರೆ ಹಳಸಿದ ಕೊಬ್ಬರಿಗೆ ಅನ್ನುವಂತೆ ಮೂಗು ಸುಕ್ಕಿಸಿ, “ಕೌಟಾಗೈತೆ.” ಅಷ್ಟೇ. ಎರಡನೇ ಮಾತಿಲ್ಲ.

ಒಮ್ಮೆ ಬೇಲೂರಿನಲ್ಲಿ ಟೂರ್ನಮೆಂಟ್ ಇತ್ತು. ಆಟದ ಮೇಲೆ ನೌಕರಿ ಹಿಡಿದವರ ಇಲಾಖಾ ತಂಡಗಳು ಬಂದಿದ್ದವು. ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಅವರು ನಿಂತರೆ ತಲೆ ಮೇಲಿನ ಕಂಬಿಗೆ ತಾಗುತ್ತಿತ್ತು, ಕೂತರೆ ಮಂಡಿ ಮುಂದಿನವರ ಬೆನ್ನಿಗೆ. ಹಾಗಾಗಿ ದಾರಿಯಿಡೀ ಕ್ಷಮೆ ಕೇಳುತ್ತಲೇ ಬಂದರು. ದೇವಸ್ಥಾನಕ್ಕೆ ಹೋಗೋಣವೇ ಎಂದರೆ, ಅದು ಎಲ್ಲಿಗೂ ಹೋಗಲ್ಲ, ಆಟ ಮುಗಿದುಹೋಗುತ್ತೆ ಅಂದರು. ಮೈದಾನದಲ್ಲಿ ಒಬ್ಬ ಸೆಂಟರ್ ದಬಾರನೆ ಬಿದ್ದ. ನಾನು ತಲೆಬುರುಡೆಯ ಬಗ್ಗೆ ಚಿಂತಿಸುತ್ತಿದ್ದೆ. ಅವರು ನನ್ನ ತೋಳು ತಿವಿದರು.

“ಬಿದ್ದ ಮೇಲೆ ಯಾರ ಮುಖ ನೋಡ್ತಾನೆ ನೋಡು, ಮೆಡಿಕಲ್ಲು. ರೆಫರಿ ಮುಖ ನೋಡಿದ್ರೆ ಎರಡನೇ ದರ್ಜೆ. ಜನದ ಮುಖ ನೋಡಿದ್ರೆ ಮೂರನೇ ದರ್ಜೆ.”

“ಮೊದಲನೇ ದರ್ಜೆಯವನು?”

“ಚೆಂಡು ಎಲ್ಲಿ ಹೋಯ್ತು ಅಂತ ನೋಡ್ತಾನೆ.”

ನಮ್ಮ ಹೋಟೆಲ್ ಕೋಣೆಯ ಜಗಳಗಳು ಗಿರಾಕಿಗಳಿಗೆ ಕೇಳುವಷ್ಟು ಜೋರಾದಾಗ ಅವರು ಒಂದು ಪದ್ಧತಿ ತಂದರು. ವರ್ಷದ ಕೊನೆಗೆ ಸೆಂಟರ್‌ಗಳ ಸ್ಥಾನ ನಿರ್ಧರಿಸುವಾಗ ಬಾಯಿ ಬಿಡುವಂತಿಲ್ಲ, ಟವೆಲಿನ ಕೆಳಗೆ ಬೆರಳು ಹಿಡಿಯಬೇಕು. ಮೊದಲ ಸ್ಥಾನಕ್ಕೆ ಒಂದು ಸುತ್ತು, ಎರಡನೆಯದಕ್ಕೆ ಇನ್ನೊಂದು. ಗಡ್ಡ ಬೇಕಾದರೆ ಒಂದು ಬೆರಳು, ಮಂಡಿ ಪಟ್ಟಿ ಬೇಕಾದರೆ ಇಡೀ ಕೈ. ಅವರು ‘ಬಂತು’, ‘ಬಂತು’, ‘ಬಂತು’ ಎಂದು ಮೂರು ಕೈ ಮುಗಿಸಿ ಗೆದ್ದವನ ಹೆಸರನ್ನಷ್ಟೇ ಹೇಳುವರು. ಯಾರು ಯಾರಿಗೆ ಹಿಡಿದರೆಂದು ಆಮೇಲೆ ಕೇಳುವಂತಿಲ್ಲ. ಅವರದೇ ಓಟು ಯಾರಿಗೆ ಎಂದು ಪುಟ್ಟಸ್ವಾಮಿ ಒಮ್ಮೆ ಕೆಣಕಿದಾಗ, ದಲ್ಲಾಳಿಗೆ ರೇಟಿಲ್ಲ ಅಂದುಬಿಟ್ಟರು. ಹತ್ತು ವರ್ಷದಲ್ಲಿ ಅವರ ಮೆಚ್ಚಿನವನು ಯಾರೆಂದು ನಮಗೆ ಗೊತ್ತಾಗಲಿಲ್ಲ. ಸೋಮಾರಿ ಅದ್ಭುತ ಪಾಸು ಕೊಟ್ಟಾಗಲೂ, ಮಂಡಿ ಪಟ್ಟಿಯವನು ಕುಂಟುತ್ತ ಹೊರಗೆ ಹೋದಾಗಲೂ ಆ ಮುಖ ಒಂದೇ ತರ ಇರುತ್ತಿತ್ತು.

ಕಸುಬಿನ ಕೊನೆಯ ವರ್ಷ ಅವರು ಇದ್ದಕ್ಕಿದ್ದಂತೆ ಪ್ರತಿ ಭಾನುವಾರವೂ ಟವೆಲ್ ಹಾಸತೊಡಗಿದರು. ವರ್ಷದ ಲೆಕ್ಕವನ್ನು ವಾರವಾರ ಯಾಕೆ ಮಾಡಬೇಕೆಂದು ನಮಗೆ ತಿಳಿಯಲಿಲ್ಲ. ವಯಸ್ಸಾದಂತೆ ಹುಚ್ಚು ಹೆಚ್ಚಾಗಿದೆ ಅಂದುಕೊಂಡೆವು. ಅಂಥ ಒಂದು ಭಾನುವಾರ ಅವರು ಮೊದಲ ಸ್ಥಾನ ಮಂಡಿ ಪಟ್ಟಿಗೆ ಎಂದು ಸಾರಿದರು. ಆ ತಿಂಗಳು ಆತ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪುಟ್ಟಸ್ವಾಮಿ ಮತ್ತು ಶೇಖರ ಇಬ್ಬರೂ ಅವನಿಗೇ ಹಿಡಿದಿದ್ದಾರೆಂದು ನಾನು ತಿಳಿದೆ. ಅವರಲ್ಲಿ ಒಬ್ಬೊಬ್ಬರೂ ಉಳಿದಿಬ್ಬರ ಬಗ್ಗೆ ಹಾಗೇ ತಿಳಿದರು. ಕೇಳುವಂತಿಲ್ಲವಲ್ಲ, ಹಾಗಾಗಿ ಒಂದು ವಾರ ಮುನಿಸಿಕೊಂಡೇ ಇಡ್ಲಿ ತಿಂದೆವು.

ಅದೇ ವಾರ ದಲ್ಲಾಳಿಯವರ ಹೆಂಡತಿ ನನ್ನ ಅಂಗಡಿಗೆ ಬಂದರು. ಅವರನ್ನು ನಾನು ಅಣ್ಣ ಅನ್ನುತ್ತಿದ್ದೆ, ಇವರನ್ನು ಅತ್ತಿಗೆ. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ಸುಟ್ಟ ಗಾಯದ ಮುಲಾಮು ಕೇಳಿದರು. ಯಾರಿಗೆ ಎಂದೆ.

“ಇನ್ಯಾರಿಗೆ, ನಿಮ್ಮಣ್ಣಂಗೆ. ಒಲೆ ಮೇಲಿಂದ ಈಗ ಇಳಿಸಿದ ಪಾತ್ರೆ, ಬರಿಗೈಲಿ ಹಿಡ್ಕಂಡು ಜಗಲಿ ತನಕ ನಡ್ಕಂಡ್ ಬಂದವ್ರೆ. ನಾನು ನೋಡಿ ಕೂಗ್ಕಂಡಾಗ್ಲೇ ಅವ್ರಿಗೆ ಗೊತ್ತಾಗಿದ್ದು. ಬೆರಳಿಗೆ ಏನೂ ತಿಳಿಯಲ್ವಂತೆ ಕಣಪ್ಪ. ಯಾರಿಗೂ ಹೇಳ್ಬೇಡ ಅಂದವ್ರೆ. ನಿಂಗೆ ಹೇಳಿದ್ರೆ ಹೇಳ್ದಂಗಲ್ಲ, ನೀನು ಮೆಡಿಕಲ್ಲು.”

ಸಕ್ಕರೆ ಹೆಚ್ಚಿದವರಿಗೆ ಬೆರಳು ಮರಗಟ್ಟುವುದು ನನಗೆ ತಿಳಿಯದ್ದಲ್ಲ. ಆ ಚೀಟಿಗಳನ್ನು ಓದಿ ನಾನೇ ದಿನಾ ಬೆಳಿಗ್ಗೆ ಬೆರಳು ಚಿವುಟಿಕೊಂಡು ನೋಡುತ್ತೇನೆ. ಆದರೆ ನನ್ನ ಬೆರಳು ಸತ್ತರೆ ಮಾತ್ರೆ ಎಣಿಸುವುದು ಸ್ವಲ್ಪ ನಿಧಾನವಾದೀತು, ಅಷ್ಟೇ. ಅವರಿಗೆ ಆ ಐದು ಬೆರಳೇ ಕಿವಿ, ಅದೇ ಕಸುಬು, ಅದೇ ಮರ್ಯಾದೆ. ದಲ್ಲಾಳಿಯ ಕೈಗೆ ರೇಟು ಕೇಳಿಸುತ್ತಿಲ್ಲ ಎಂಬ ಸುದ್ದಿ ಯಾರ್ಡಿನಲ್ಲಿ ಹಬ್ಬಿದರೆ, ಅದೇ ಸಂಜೆಗೆ ಆ ಟವೆಲ್ ಮೈ ಒರೆಸಿಕೊಳ್ಳುವ ಟವೆಲ್ ಆಗಿಬಿಡುತ್ತದೆ.

ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಪುಟ್ಟಸ್ವಾಮಿಗೂ ಶೇಖರನಿಗೂ ಹೇಳಿದೆ. ಆ ಭಾನುವಾರ ಯಾರು ಯಾರಿಗೆ ಹಿಡಿದಿದ್ದೆವೆಂದು ಮೊದಲ ಸಲ ಬಾಯಿ ಬಿಟ್ಟೆವು. ಇಡೀ ಕೈ ಯಾರೂ ಹಿಡಿದಿರಲಿಲ್ಲ. ಶೇಖರ ಸೌಟು ಹಿಡಿದುಕೊಂಡೇ ಕೂತ. ಕೊನೆಗೆ ಉಪಾಯ ಹೇಳಿದವರು ಪುಟ್ಟಸ್ವಾಮಿ. ಮುಂದಿನ ಭಾನುವಾರ ಹತ್ತು ವರ್ಷದ ಒಟ್ಟು ಲೆಕ್ಕ, ದಶಕದ ಸೆಂಟರ್ ಯಾರೆಂದು ತೀರ್ಮಾನ. ಮೂವರೂ ಒಬ್ಬನಿಗೇ ಹಿಡಿದರೆ ತಪ್ಪುವ ಮಾತೇ ಇಲ್ಲ. ಗಟ್ಟಿಯಾಗಿ ಹಿಡಿಯೋಣ, ಆ ಬೆರಳಿಗೂ ಕೇಳಿಸಲಿ. ಒಬ್ಬನಿಗೇ ಅಂದರೆ ಯಾರಿಗೆ ಎಂಬುದಕ್ಕೆ ಅರ್ಧ ಗಂಟೆ ಜಗಳವಾಡಿದೆವು. ಗೆಳೆಯನ ಮರ್ಯಾದೆ ಉಳಿಸುವ ಕೆಲಸದಲ್ಲೂ ಪುಟ್ಟಸ್ವಾಮಿ ನಗುಮುಖನನ್ನು ಕೊನೆಗೇ ತಳ್ಳಿದರು. ಮೊದಲು ಸೋಮಾರಿ, ಆಮೇಲೆ ಗೋಪುರ, ಆಮೇಲೆ ಗಡ್ಡ, ಹೀಗೆ ಐದೂ ಸ್ಥಾನ ನಿಗದಿಯಾಯಿತು.

ಭಾನುವಾರ ಪಂದ್ಯ ಮುಗಿಯಿತು. ಯಾರು ಗೆದ್ದರೆಂದು ನನಗೆ ಈಗಲೂ ನೆನಪಿಲ್ಲ. ಅವರು ಮೇಜಿನ ಮೇಲಿನ ತಟ್ಟೆ ಸರಿಸಿ ಕೈ ಚಾಚಿ ಟವೆಲ್ ಹೊದಿಸಿದರು. ಬೆರಳ ತುದಿಯ ಗಾಯ ಒಣಗುತ್ತಿತ್ತು. ಪುಟ್ಟಸ್ವಾಮಿ ಕೈ ತೂರಿಸಿದರು. ಕತ್ತಿನ ನರ ಉಬ್ಬುವಷ್ಟು ಒತ್ತಿದರು. ಅಣ್ಣ ಕಣ್ಣು ಮುಚ್ಚಿ, ಸ್ವಲ್ಪ ತಡೆದು, “ಬಂತು” ಅಂದರು. ಶೇಖರ ದೋಸೆಹಿಟ್ಟು ಕಲಸುವ ಕೈಯವನು, ಹೇಗೆ ಹಿಡಿದನೋ. “ಬಂತು.” ನನ್ನ ಸರದಿಗೆ ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ, ಹಿಡಿದದ್ದು ಜಾರದಿರಲೆಂದು ಇಮ್ಮಡಿ ಒತ್ತಿದೆ. “ಬಂತು.”

“ಸೋಮಾರಿ,” ಅಂದರು.

ನಾವು ಮೂವರೂ ಒಟ್ಟಿಗೆ ಉಸಿರು ಬಿಟ್ಟದ್ದು ಟಿವಿಯ ಜಾಹೀರಾತಿನ ನಡುವೆಯೂ ಕೇಳಿಸಿರಬೇಕು. ಎರಡನೇ ಸುತ್ತು. ಮತ್ತೆ ಮೂರು ಕೈ. ಮತ್ತೆ “ಬಂತು” ಮೂರು ಸಲ. ಈ ಸಲ ಹೆಸರು ಹೇಳಲಿಲ್ಲ. ಟವೆಲ್ ತೆಗೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು.

“ಏನ್ರಪ್ಪಾ, ಕೂಡ್ಕಂಡ್ ಬಂದಿದ್ದೀರಾ?”

ಯಾರ್ಡಿನಲ್ಲಿ ಆ ಮಾತಿಗೆ ಅರ್ಥ ಖಚಿತವಾಗಿದೆ. ಕೊಳ್ಳುವವರೆಲ್ಲ ಒಟ್ಟಿಗೆ ಕಾಫಿ ಕುಡಿದು, ಒಂದೇ ರೇಟು ಮಾತಾಡಿಕೊಂಡು, ಬೇರೆಬೇರೆಯವರಂತೆ ಬಂದು ಕೈ ಇಡುವುದು. ಅಂಥವರನ್ನು ಅವರು ಜೀವಮಾನವಿಡೀ ನೋಡಿದ್ದರು. ಮೂರು ಜನ ಎರಡು ಸುತ್ತಲ್ಲೂ ಒಂದೇ ಮಾತಾಡುವುದು ಎಲ್ಲೂ ಇಲ್ಲ, ಅದರಲ್ಲೂ ಈ ಮೂರು ಜನ ಎಂದರು.

“ಅಷ್ಟು ಜೋರಾಗಿ ಯಾರ್ಲಾ ರೇಟು ಹೇಳ್ತಾರೆ? ಕಾಯಿ ಹಾಲು ಹಿಂಡ್ದಂಗೆ ಹಿಂಡಿದ್ರಲ್ಲ,” ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮತ್ತಿಗೆ ಹೇಳಿದ್ಲಾ?” ಎಂದರು.

ಹೂಂ ಎಂದೆ.

“ನಾನೂ ನೋಡ್ಕತಿದ್ದೆ ಕಣಪ್ಪ. ವಾರವಾರ ಟವೆಲ್ ಹಾಸ್ತಿದ್ದದ್ದು ಅದ್ಕೇಯ. ಇಲ್ಲಿ ತಪ್ಪಿದ್ರೆ ಯಾರ ಮನೆನೂ ಹಾಳಾಗಲ್ಲ. ಒಂದ್ಸಲ ಸರಿ ಬರೋದು, ಒಂದ್ಸಲ ಏನೂ ಇಲ್ಲ, ಬರೀ ಬಟ್ಟೆ ಹೊದ್ದಂಗೆ. ಆ ಮಂಡಿ ಪಟ್ಟಿಯವನ್ನ ಸುಮ್ನೆ ಹೇಳ್ಬಿಟ್ಟೆ ಅವತ್ತು. ನೀವು ಬೈತೀರಾ ಅಂತ ಕಾದೆ. ನೀವು ಬೈಲಿಲ್ಲ.”

ಶೇಖರ ಎದ್ದು ಸಾಂಬಾರಿನ ಕಡೆ ಹೋದ. ಸಾಂಬಾರು ಆಗ ಕುದಿಯುತ್ತಿರಲಿಲ್ಲ. ಪುಟ್ಟಸ್ವಾಮಿ, ಗುಟ್ಟು ನಮ್ಮಲ್ಲೇ ಇರುತ್ತದೆ, ಯಾರ್ಡಿನವರಿಗೆ ಗೊತ್ತಾಗುವುದಿಲ್ಲ ಎಂದು ಏನೋ ಶುರುಮಾಡಿದರು. ಅಣ್ಣ ನಮ್ಮಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯಾಚೆ ಯಾರ್ಡಿನ ಗೇಟಿನ ಕಡೆ ನೋಡುತ್ತಿದ್ದರು. ಬೇಲೂರಿನ ಮೈದಾನ ನೆನಪಾಯಿತು.

ಸೋಮವಾರ ಅವರೇ ಯಾರ್ಡಿನ ಒಂದೊಂದು ಅಂಗಡಿಗೂ ಹೋಗಿ, ಇನ್ನು ನನ್ನ ಟವೆಲಿನ ಕೆಳಗೆ ಕೈ ಇಡಬೇಡಿ, ಬೆರಳಿಗೆ ಕೇಳಿಸುತ್ತಿಲ್ಲ ಎಂದು ಹೇಳಿಬಂದರು. ಕೆಲವರು ನಂಬಲಿಲ್ಲ. ಒಬ್ಬ ಹಳೆಯ ವರ್ತಕರು ಬೈದೂ ಬೈದರು. ಆಮೇಲೆ ಅಣ್ಣ ಹಳೇಬೀಡಿನ ಬಸ್ಸು ಹಿಡಿದರು. ಅಲ್ಲಿನ ಬೆಳೆಗಾರರೊಬ್ಬರ ಅಟ್ಟದ ಮಾಲಿನ ವ್ಯಾಪಾರ ಸ್ವಲ್ಪ ದಿನದ ಹಿಂದೆ ಅವರ ಕೈಯಲ್ಲಿ ಮುರಿದುಬಿದ್ದಿತ್ತು. ಹಿಡಿದ ಬೆರಳು ಒಂದು, ಅವರು ಹೇಳಿದ ರೇಟು ಇನ್ನೊಂದು. ಅಂದು ನಿದ್ದೆಗೆಟ್ಟಿದ್ದೆ ಎಂದು ತಳ್ಳಿಹಾಕಿದ್ದರು. ಈಗ ನಿಜ ಹೇಳಬೇಕಿತ್ತು. ನಾನೂ ಜೊತೆಗೆ ಹೋದೆ, ಬಸ್ಸಿನಲ್ಲಿ ಅವರಿಗೆ ಸಕ್ಕರೆ ಇಳಿದು ತಲೆ ತಿರುಗಿದರೆ ಎಂಬ ಭಯಕ್ಕೆ ಜೇಬಿನಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು. ಕೆರೆಯ ಏರಿ ದಾಟಿದ ಮೇಲಿನ ಮನೆ. ಬಾಗಿಲಲ್ಲೇ ನಿಂತು, ಅವತ್ತು ತಪ್ಪು ನನ್ನ ಕೈಯದ್ದು, ಕೊಳ್ಳುವವರದ್ದಲ್ಲ, ಅವರ ಮೇಲೆ ಮನಸ್ಸು ಕೆಡಿಸಿಕೋಬೇಡಿ ಎಂದರು. ಬೆಳೆಗಾರರು ಒಳಗೆ ಬನ್ನಿ ಎಂದರು. ಇವರು ತಲೆ ತಗ್ಗಿಸುವುದನ್ನು ಮರೆತು ಬಾಗಿಲ ಮೇಲಿನ ಅಡ್ಡಮರಕ್ಕೆ ಹಣೆ ಹೊಡೆಸಿಕೊಂಡರು. ಪೆಪ್ಪರ್‌ಮಿಂಟು ಆಗ ನಾನೇ ತಿಂದೆ.

ಆಮೇಲೂ ಒಂದು ವರ್ಷ ಬೆಳಗಿನ ಪಂದ್ಯಕ್ಕೆ ಬಂದರು. ಕಸುಬು ಬಿಟ್ಟ ಮೇಲೆ ಮಾತು ಹೆಚ್ಚಾಗುತ್ತದೆಂದು ನಾವು ಎಣಿಸಿದ್ದೆವು, ಹಾಗಾಗಲಿಲ್ಲ. ಹಿಟ್ಟಿನ ಕೈ ಒರೆಸಿಕೊಳ್ಳಲು ಶೇಖರ ಒಮ್ಮೆ ಆ ಟವೆಲಿಗೆ ಕೈ ಹಾಕಿದಾಗ ಮಾತ್ರ ಗದರಿದರು.

ಈಗ ಪುಟ್ಟಸ್ವಾಮಿ ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ, ಅಣ್ಣ ಹಿಡಿದದ್ದು ಯಾರಿಗೆ ಎಂದು. ಹೋದವರ ರೇಟಿಗೆ ಎಂಥದ್ದು ಗುಟ್ಟು, ಹೇಳಿಬಿಡ್ರೀ ಎನ್ನುತ್ತಾರೆ. ಶೇಖರ ಬಾಯಲ್ಲಿ ಕೇಳುವುದಿಲ್ಲ, ಕೇಳದಿದ್ದರೂ ಒಂದು ವಡೆ ಹೆಚ್ಚು ಹಾಕಿ ನಿಲ್ಲುತ್ತಾನೆ. ಅವರಿಬ್ಬರೂ ಕೇಳುವುದು ಕಳೆದ ಋತುವಿನ ಕೊನೆಯ ಭಾನುವಾರದ ಬಗ್ಗೆ.

ಅರ್ಧಕ್ಕೆ ನಿಂತಿದ್ದ ದಶಕದ ಲೆಕ್ಕ ಮುಗಿಸೋಣ ಎಂದು ಅಂದು ಅಣ್ಣನೇ ಹೇಳಿದರು. ನಾನೀಗ ದಲ್ಲಾಳಿಯಲ್ಲ, ನನಗೂ ಒಂದು ರೇಟುಂಟು ಎಂದರು. ಹಾಗಾದರೆ ಕೈ ಯಾರು ಚಾಚುವುದು ಎಂಬ ಪ್ರಶ್ನೆ ಬಂತು. ಮೂವರೂ ನನ್ನನ್ನು ನೋಡಿದರು. ನನಗೆ ಆಗದು, ನನ್ನ ಕೈ ಬೆವರುತ್ತದೆ, ತಪ್ಪು ಕೇಳಿಸಿದರೆ ಏನು ಗತಿ ಎಂದೆ. ಅವರು ತಮ್ಮ ಟವೆಲನ್ನು ಬಿಚ್ಚಿ ನನ್ನ ಕೈ ಮೇಲೆ ಹೊದಿಸಿದರು. ಕೊಬ್ಬರಿಯ ಎಣ್ಣೆವಾಸನೆ ಇತ್ತು. ಪುಟ್ಟಸ್ವಾಮಿ ಹಿಡಿದರು, ಬಂತು ಎಂದೆ. ಶೇಖರ ಹಿಡಿದ, ಬಂತು ಎಂದೆ. ಆಮೇಲೆ ಆ ದೊಡ್ಡ ಕೈ ಒಳಗೆ ಬಂತು. ನನ್ನ ಬೆರಳುಗಳನ್ನು ಹುಡುಕಿತು, ತಡವರಿಸಿತು, ಒಂದನ್ನು ಬಿಟ್ಟಿತು, ಮತ್ತೆ ಸೇರಿಸಿಕೊಂಡಿತು, ಹಿಡಿಯಿತು. ತಾವು ಹಿಡಿದದ್ದು ಎಷ್ಟು ಬೆರಳೆಂದು ಅವರಿಗೇ ತಿಳಿಯುವಂತಿರಲಿಲ್ಲ. ಅದಕ್ಕೇ ನನ್ನ ಮುಖ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಇನ್ನೊಬ್ಬರ ಮುಖವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಬಂತಾ?” ಅಂದರು.

ಸ್ಪಷ್ಟವಾಗಿ ಬಂದಿತ್ತು.

“ಬಂತು,” ಎಂದೆ.